ಊಟ ಆದಮೇಲೂ ಕೈ ಡಬ್ಬಕ್ಕೆ ಹೋಗುತ್ತದೆಯೇ? ಬೇಜಾರಿಗೆ ತಿನ್ನುವ ಅಭ್ಯಾಸವನ್ನು ಹತೋಟಿಗೆ ತರುವ ದಾರಿ

ರಾತ್ರಿ ಹತ್ತೂವರೆ. ಅನ್ನ, ಸೊಪ್ಪಿನ ಸಾರು, ಬೀನ್ಸ್ ಪಲ್ಯ, ಮಜ್ಜಿಗೆ ಎಲ್ಲ ಆಗಿದೆ. ಪಾತ್ರೆ ತೊಳೆದಿಟ್ಟು, ಅಡುಗೆಕಟ್ಟೆ ಒರೆಸಿ ಬಂದಿದ್ದೇನೆ. ಅಷ್ಟರಲ್ಲಿ ಫೋನಿಗೆ ಆಫೀಸಿನಿಂದ ಒಂದು ಮೆಸೇಜ್: "ನಾಳೆ ಬಂದ ತಕ್ಷಣ ನನ್ನನ್ನು ನೋಡಿ." ಅಷ್ಟೇ. ಯಾಕೆ, ಏನು ಅಂತ ಇಲ್ಲ. ಐದು ನಿಮಿಷ ಕಳೆಯುವುದರೊಳಗೆ ನಾನು ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತಿದ್ದೇನೆ. ಚಕ್ಕುಲಿ ಡಬ್ಬವನ್ನು ಹೊಟ್ಟೆಗೆ ಒತ್ತಿ ಹಿಡಿದು, ಸದ್ದಾಗದ ಹಾಗೆ ಮುಚ್ಚಳ ತೆಗೆಯುತ್ತಿದ್ದೇನೆ. ಮೊದಲನೇ ಚಕ್ಕುಲಿಯ ರುಚಿ ಗೊತ್ತಾಯಿತು. ಐದನೆಯದರ ರುಚಿ ಗೊತ್ತಾಗಲಿಲ್ಲ. ಹಲ್ಲಿನ ಸಂದಿಯಲ್ಲಿ ಎಳ್ಳು, ಬೆರಳಿಗೆಲ್ಲ ಎಣ್ಣೆ. ಮೆಸೇಜ್ ಓದಿದಾಗ ಎದೆಯಲ್ಲಿ ಕೂತ ಭಾರ ಮಾತ್ರ ಹಾಗೇ ಇತ್ತು.

ಅಪ್ಪ ತೀರಿಕೊಂಡ ವರ್ಷ ಶುರುವಾದ ಈ ಅಭ್ಯಾಸ ಸುಮಾರು ಎರಡು ವರ್ಷ ನಡೆಯಿತು. ಬಾಯಿಚಪಲ ಅಂತ ನನ್ನನ್ನು ನಾನೇ ಬೈದುಕೊಂಡೆ. ಏಕಾದಶಿ ಮಾಡಿದೆ, ಸಕ್ಕರೆ ಬಿಟ್ಟೆ, ಡಬ್ಬ ಖಾಲಿ ಮಾಡಿ ಅಟ್ಟಕ್ಕೆ ಹಾಕಿದೆ. ಯಾವುದೂ ಹದಿನೈದು ದಿನದ ಮೇಲೆ ನಿಲ್ಲಲಿಲ್ಲ. ಕೊನೆಗೆ ಕೈ ಹಿಡಿದದ್ದು ಬೇರೆಯೇ ಒಂದು ದಾರಿ. ಅದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಡಬ್ಬದಲ್ಲಿ ಚಕ್ಕುಲಿಯ ಬದಲು ಬಿಸ್ಕತ್ತು ಇರಬಹುದು, ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಇರಬಹುದು. ದಾರಿ ಅದೇ.

ಮೊದಲು, ಇದು ಯಾಕೆ ಆಗುತ್ತದೆ ಅಂತ ತಿಳಿಯೋಣ

ದಿಢೀರ್ ಅಂತ ಗಾಬರಿಯಾದಾಗ ಹಸಿವು ಸಾಯುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಇಡ್ಲಿ ಗಂಟಲಲ್ಲಿ ಇಳಿಯುವುದಿಲ್ಲ, ಅಲ್ವಾ? ಆಗ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನ್ ಓಡಾಡುತ್ತಿರುತ್ತದೆ. ಆದರೆ ಚಿಂತೆ ದಿನಗಟ್ಟಲೆ, ವಾರಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನ್ ಏರಿಯೇ ಇರುತ್ತದೆ. ಅದು ಹಸಿವನ್ನು ಹೆಚ್ಚಿಸುತ್ತದೆ. ಅದರಲ್ಲೂ ಸಿಹಿ ಮತ್ತು ಕರಿದ ತಿಂಡಿಯ ಕಡೆಗೆ ಎಳೆಯುತ್ತದೆ. ಅಂಥದ್ದನ್ನು ತಿಂದಾಗ ಸ್ವಲ್ಪ ಹೊತ್ತು ಸಮಾಧಾನ ಸಿಗುವುದು ನಿಜ. ಮಿದುಳು ಅದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಬೇಸರವಾದಾಗ ಅದೇ ದಾರಿ ತೋರಿಸುತ್ತದೆ.

ಈ ದಾರಿಯನ್ನು ನಮಗೆ ಚಿಕ್ಕಂದಿನಲ್ಲೇ ಹಾಕಿಕೊಟ್ಟಿರುತ್ತಾರೆ. ನಾನು ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡರೆ ಅಜ್ಜಿ ಗಾಯಕ್ಕೆ ಅರಿಶಿನ ಹಚ್ಚಿ, ಬಾಯಿಗೆ ಒಂದು ಚೂರು ಬೆಲ್ಲ ಇಡುತ್ತಿದ್ದರು. ಅದು ಪ್ರೀತಿ. ಅದರಲ್ಲಿ ತಪ್ಪೇನಿಲ್ಲ. ಬೇಸರಕ್ಕೆ ಒಮ್ಮೊಮ್ಮೆ ತಿನ್ನುವುದೂ ಕಾಯಿಲೆಯಲ್ಲ. ಯಾವ ನೋವು ಬಂದರೂ ತಿನ್ನುವುದು ಬಿಟ್ಟು ಬೇರೆ ಮದ್ದೇ ಇಲ್ಲ ಅಂತ ಆದಾಗ ತೊಂದರೆ ಶುರುವಾಗುತ್ತದೆ.

ಮೊದಲ ಹೆಜ್ಜೆ: ಒಂದು ವಾರ ಏನೂ ಬದಲಿಸಬೇಡಿ, ಸುಮ್ನೆ ಬರೆಯಿರಿ

ಒಂದು ಚಿಕ್ಕ ನೋಟ್‌ಬುಕ್ ಸಾಕು. ಊಟದ ಹೊತ್ತು ಬಿಟ್ಟು ಬೇರೆ ಯಾವಾಗ ತಿಂದರೂ ಬರೆಯಿರಿ. ಎಷ್ಟು ಗಂಟೆ, ಏನು ತಿಂದೆ, ಹಸಿವು ಎಷ್ಟಿತ್ತು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು. ಹಸಿವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ಸೊನ್ನೆ ಅಂದರೆ ಹೊಟ್ಟೆ ತುಂಬಿ ತೇಗು ಬಂದ ಸ್ಥಿತಿ, ಹತ್ತು ಅಂದರೆ ಹಸಿದು ಕಣ್ಣು ಕತ್ತಲೆ ಬರುವ ಸ್ಥಿತಿ. ಕ್ಯಾಲೊರಿ ಲೆಕ್ಕ ಬೇಡ, ತೂಕ ನೋಡುವುದೂ ಬೇಡ.

ನನ್ನ ಮೊದಲ ವಾರದ ಕೆಲವು ಸಾಲು ಹೀಗಿದ್ದವು:

ಸೋಮವಾರ, ಸಂಜೆ 6.10. ಬಸ್ಸಿಳಿದು ಬೇಕರಿ. ಖಾರಾ ಬನ್ ಒಂದು, ಹನಿ ಕೇಕ್ ಒಂದು. ಹಸಿವು 8. ಮಧ್ಯಾಹ್ನದ ಡಬ್ಬಿ ಅರ್ಧ ಬಿಟ್ಟಿದ್ದೆ.

ಮಂಗಳವಾರ, ರಾತ್ರಿ 10.40. ಚಕ್ಕುಲಿ ಆರು. ಹಸಿವು 1. ಅಣ್ಣನ ಫೋನ್ ಬಂದಿತ್ತು, ಅಮ್ಮನನ್ನು ಯಾರು ನೋಡಿಕೊಳ್ಳುವುದು ಅಂತ. ಬೇಜಾರು.

ಶುಕ್ರವಾರ, ರಾತ್ರಿ 11. ಬಿಸ್ಕತ್ತು ಅರ್ಧ ಪ್ಯಾಕೆಟ್. ಹಸಿವು 2. ಎಲ್ಲರೂ ಮಲಗಿದ್ದರು. ಬೇಜಾರು.

ಭಾನುವಾರ, ಸಂಜೆ 4. ಖಾರದ ಕಡ್ಲೆಕಾಯಿ ಬೀಜ. ಹಸಿವು 3. ಮಾಡಲು ಏನೂ ಇರಲಿಲ್ಲ. ಬೇಜಾರು.

ಹಸಿವಿಗೆ ಅಂಕ ಕೊಡುವುದು ಮೊದಲೆರಡು ದಿನ ಕಷ್ಟವಾಗುತ್ತದೆ. ವರ್ಷಗಟ್ಟಲೆ ಗಡಿಯಾರ ನೋಡಿ, ತಟ್ಟೆ ನೋಡಿ ತಿಂದವರಿಗೆ ಹೊಟ್ಟೆಯ ಮಾತು ಮರೆತೇ ಹೋಗಿರುತ್ತದೆ. ಇಲ್ಲಿ ನಮ್ಮ ಹಳೆಯ ಗಾದೆಯೊಂದು ಸಹಾಯಕ್ಕೆ ಬರುತ್ತದೆ: ಹಸಿವು ರುಚಿಯರಿಯದು, ನಿದ್ರೆ ಸುಖವರಿಯದು. ನಿಜವಾದ ಹಸಿವಿಗೆ ಮೊಸರನ್ನವಾದರೂ ಆಗುತ್ತದೆ, ಬೆಳಗಿನ ತಣ್ಣಗಿನ ಚಪಾತಿಯಾದರೂ ಆಗುತ್ತದೆ. "ಈಗ ಒಂದು ತಟ್ಟೆ ಮೊಸರನ್ನ ತಿನ್ನಲಾ?" ಅಂತ ಕೇಳಿಕೊಳ್ಳಿ. ಬೇಡ, ಚಕ್ಕುಲಿಯೇ ಬೇಕು ಅನ್ನಿಸಿದರೆ ಅದು ಹೊಟ್ಟೆಯ ಹಸಿವಲ್ಲ ಅಂತ ಹೆಚ್ಚು ಕಡಿಮೆ ಹೇಳಬಹುದು. ಹೊಟ್ಟೆಯ ಹಸಿವು ನಿಧಾನವಾಗಿ ಏರುತ್ತದೆ, ಚುರುಗುಟ್ಟುತ್ತದೆ, ತಿಂದ ಮೇಲೆ ಇಳಿಯುತ್ತದೆ. ಮನಸ್ಸಿನದು ಒಮ್ಮೆಲೇ ಬರುತ್ತದೆ, ಇಂಥದ್ದೇ ಬೇಕು ಅನ್ನುತ್ತದೆ, ಹೊಟ್ಟೆ ತುಂಬಿದ ಮೇಲೂ ನಿಲ್ಲುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಏಕಾಏಕಿ ಹಸಿವಾಗಿ, ಬೆವರು, ಕೈನಡುಕ, ಎದೆ ಡವಗುಟ್ಟುವುದು ಶುರುವಾದರೆ ಅದು ಸಕ್ಕರೆ ಕುಸಿದಿರುವ ಲಕ್ಷಣ ಇರಬಹುದು. ಆಗ ಅಂಕ ಕೊಡುತ್ತಾ ಕೂರಬೇಡಿ. ರಕ್ತದ ಸಕ್ಕರೆ ಅಳೆಯುವ ಮೀಟರ್ ಕೈಗೆ ಸಿಗುವಂತಿದ್ದರೆ ನೋಡಿ. 70ಕ್ಕಿಂತ ಕೆಳಗಿದ್ದರೆ, ಅಥವಾ ಮೀಟರ್ ಇಲ್ಲದಿದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಮುಂದೆ ನಾನು ಹೇಳುವ "ಹತ್ತು ನಿಮಿಷ ತಡೆಯಿರಿ" ಅನ್ನುವ ಮಾತು ಈ ಹೊತ್ತಿಗೆ ಅನ್ವಯಿಸುವುದಿಲ್ಲ.

ಎರಡನೇ ಹೆಜ್ಜೆ: "ಬೇಜಾರು" ಅನ್ನುವ ಪದವನ್ನು ಬಿಡಿಸಿ ನೋಡಿ

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಈ ಹೆಜ್ಜೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಮೇಲಿನ ಸಾಲುಗಳನ್ನು ಇನ್ನೊಮ್ಮೆ ನೋಡಿ. ಮೂರು ಕಡೆ "ಬೇಜಾರು" ಅಂತ ಬರೆದಿದ್ದೇನೆ. ನಾವು ದಿನವಿಡೀ ಬಳಸುವ ಪದ ಅದು. ಗೆಳತಿ ಮಾತು ಬಿಟ್ಟರೂ ಬೇಜಾರು, ಬಸ್ಸು ತಪ್ಪಿದರೂ ಬೇಜಾರು, ಭಾನುವಾರ ಕೆಲಸ ಇಲ್ಲದಿದ್ದರೂ ಬೇಜಾರು, ಸಾವಿನ ಮನೆಗೆ ಹೋಗಿ ಬಂದರೂ ಬೇಜಾರು. ಆ ಒಂದು ಪದದೊಳಗೆ ಏಳೆಂಟು ಬೇರೆ ಬೇರೆ ಭಾವನೆಗಳು ಮುದುಡಿ ಕೂತಿರುತ್ತವೆ. ಎಲ್ಲದಕ್ಕೂ ಒಂದೇ ಹೆಸರು ಇಟ್ಟರೆ ಎಲ್ಲದಕ್ಕೂ ಒಂದೇ ಮದ್ದು ಹುಡುಕುತ್ತೇವೆ. ಆ ಮದ್ದು ಡಬ್ಬದಲ್ಲಿರುತ್ತದೆ.

ವಾರ ಮುಗಿದ ಮೇಲೆ ನೋಟ್‌ಬುಕ್ ತೆಗೆದು ಕೂತೆ. ಮಂಗಳವಾರದ ಬೇಜಾರು ಸಿಟ್ಟಾಗಿತ್ತು. ಅಣ್ಣನಿಗೆ ಹೇಳಬೇಕಾದ ಮಾತನ್ನು ಹೇಳದೆ ನುಂಗಿದ್ದೆ. ಶುಕ್ರವಾರದ್ದು ಒಂಟಿತನ. ರಾತ್ರಿ ಹನ್ನೊಂದಕ್ಕೆ ಅಪ್ಪ ರೇಡಿಯೋ ಆರಿಸುವ ಸದ್ದು ಕೇಳಿಸುತ್ತಿದ್ದ ಮನೆ ಅದು. ಭಾನುವಾರದ್ದು ಬರೀ ಹೊತ್ತು ಹೋಗದೆ ಇದ್ದದ್ದು. ಈ ಮೂರಕ್ಕೂ ಬೇಕಾದದ್ದು ಒಂದೇ ಅಲ್ಲ. ಮೂರರಲ್ಲಿ ಯಾವುದಕ್ಕೂ ಚಕ್ಕುಲಿ ಬೇಕಿರಲಿಲ್ಲ.

ನೀವೂ ಹಾಗೇ ಮಾಡಿ. "ಬೇಜಾರು" ಅಂತ ಬರೆದ ಕಡೆಯೆಲ್ಲ ಅದನ್ನು ಹೊಡೆದು ಹಾಕಿ, ಹೆಚ್ಚು ಸರಿಯಾದ ಪದ ಹುಡುಕಿ. ಸಿಟ್ಟೇ? ಅವಮಾನವೇ? ಭಯವೇ? ಕೊರಗೇ? ಹೊಟ್ಟೆಕಿಚ್ಚೇ? ಒಂಟಿತನವೇ? ಸುಸ್ತೇ? ಹೊತ್ತು ಹೋಗದಿರುವುದೇ? ಯಾರೂ ಓದುವುದಿಲ್ಲ, ನಿಜ ಬರೆಯಿರಿ. ಹೊಟ್ಟೆಕಿಚ್ಚು ಅಂತ ಬರೆಯಲು ನನಗೆ ಒಂದು ತಿಂಗಳು ಬೇಕಾಯಿತು.

ಹೆಸರಿಡುವುದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಲೀಬರ್ಮನ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವನೆಯ ಹೆಸರನ್ನು ಆರಿಸಲು ಹೇಳಿದರು. ಹೆಸರು ಆರಿಸಿದಾಗ ಮಿದುಳಿನಲ್ಲಿ ಗಾಬರಿಯ ಗಂಟೆ ಹೊಡೆಯುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ಇಳಿದಿತ್ತು. ಅಡುಗೆಮನೆಯಲ್ಲಿ ನಿಂತು "ನನಗೀಗ ಭಯ ಆಗಿದೆ, ನಾಳೆ ಸಾಹೇಬರು ಏನನ್ನುತ್ತಾರೋ ಅಂತ" ಎಂದು ಮೆಲ್ಲಗೆ ಬಾಯಿಬಿಟ್ಟು ಹೇಳಿ ನೋಡಿ. ಡಬ್ಬದ ಮೇಲಿನ ಹಿಡಿತ ಸ್ವಲ್ಪ ಸಡಿಲವಾಗುವುದು ನಿಮಗೇ ತಿಳಿಯುತ್ತದೆ.

ಮೂರನೇ ಹೆಜ್ಜೆ: ಹಗಲು ಹೊಟ್ಟೆ ತುಂಬ ಉಣ್ಣಿ

ಇದನ್ನು ಕೇಳಿದರೆ ಬಹಳ ಜನ ನಂಬುವುದಿಲ್ಲ. ರಾತ್ರಿ ಜಾಸ್ತಿ ತಿಂದೆ, ಹಾಗಾಗಿ ಬೆಳಿಗ್ಗೆ ತಿಂಡಿ ಬೇಡ, ಮಧ್ಯಾಹ್ನ ಎರಡು ಚಪಾತಿ ಸಾಕು ಅನ್ನುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೆ. ಸೋಮವಾರದ ಸಾಲು ನೋಡಿ: ಮಧ್ಯಾಹ್ನ ಅರ್ಧ ಡಬ್ಬಿ, ಸಂಜೆ ಹಸಿವು 8. ಅದು ಬಾಯಿಚಪಲವೇ ಅಲ್ಲ, ಅಪ್ಪಟ ಹಸಿವು. ಹಸಿದ ಹೊಟ್ಟೆಗೆ ಬೇಸರವೂ ಸೇರಿದರೆ ಬೇಕರಿಯ ಮುಂದೆ ಯಾರ ಕಾಲೂ ನಿಲ್ಲುತ್ತದೆ.

1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರ ಮೇಲೆ ಒಂದು ಪ್ರಯೋಗ ಮಾಡಿದರು. ಅವರೆಲ್ಲ ಒಪ್ಪಿಯೇ ಬಂದವರು. ಆರು ತಿಂಗಳು ಅವರಿಗೆ ಸುಮಾರು ಅರ್ಧ ಹೊಟ್ಟೆ ಊಟ. ಮೊದಲು ಊಟದ ಬಗ್ಗೆ ಅಂಥ ಆಸೆ ಇಲ್ಲದವರೂ ದಿನವಿಡೀ ಊಟದ್ದೇ ಮಾತಾಡಿದರು, ಅಡುಗೆ ಪುಸ್ತಕ ಓದಿದರು, ಕನಸಿನಲ್ಲೂ ಊಟ ಕಂಡರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಿದಾಗ ಕೆಲವರು ಹೊಟ್ಟೆ ಬಿರಿಯುವ ಹಾಗೆ ತಿಂದರೂ ತೃಪ್ತಿಯಾಗಲಿಲ್ಲ. ಕಡಿಮೆ ತಿಂದರೆ ಮನಸ್ಸು ಹೀಗೆ ಆಗುತ್ತದೆ. ಯಾರಿಗಾದರೂ ಆಗುತ್ತದೆ.

ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಸರಿಯಾಗಿ ಉಣ್ಣಿ. ಮಧ್ಯದಲ್ಲಿ ಸಂಜೆ ಒಂದು ಸಲ ಏನಾದರೂ ತಿನ್ನಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಹೊಟ್ಟೆ ಖಾಲಿ ಬಿಡಬೇಡಿ. ನಮ್ಮ ತಿಂಡಿಗಳಲ್ಲಿ ಸಾಮಾನ್ಯವಾಗಿ ಕಡಿಮೆ ಬೀಳುವುದು ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದ ಪ್ರಕಾರ ದಿನಕ್ಕೆ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಬೇಕು. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ. ಬರೀ ಚಿತ್ರಾನ್ನ, ಬರೀ ಉಪ್ಪಿಟ್ಟು ತಿಂದರೆ ಹನ್ನೊಂದು ಗಂಟೆಗೇ ಹೊಟ್ಟೆ ತಾಳ ಹಾಕುತ್ತದೆ. ಚಿತ್ರಾನ್ನದ ಜೊತೆ ಒಂದು ಬಟ್ಟಲು ಮೊಸರು ಇಟ್ಟುಕೊಳ್ಳಿ, ಒಂದು ಹಿಡಿ ಕಡ್ಲೆಕಾಯಿ ಬೀಜ ಜಾಸ್ತಿ ಹಾಕಿ. ಇಡ್ಲಿಗೆ ಚಟ್ನಿಯಷ್ಟೇ ಸಾಲದು, ಬೇಳೆ ದಂಡಿಯಾಗಿರುವ ಸಾಂಬಾರ್ ಇರಲಿ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಸಿಗುತ್ತದೆ. ಮಧ್ಯಾಹ್ನ ಹೆಸರುಕಾಳು ಪಲ್ಯವೋ, ಮುದ್ದೆಯ ಜೊತೆ ಹುರುಳಿ ಸಾರೋ ಇದ್ದರೆ ಸಂಜೆ ಐದರವರೆಗೆ ಯೋಚನೆ ಇಲ್ಲ.

ಸಂಜೆ ಐದರಿಂದ ಏಳು ಅಪಾಯದ ಹೊತ್ತು. ಆಫೀಸು ಮುಗಿಸಿ ಬಸ್ಸಿನಲ್ಲಿ ನಿಂತು ಬಂದಿರುತ್ತೀರಿ, ರಾತ್ರಿ ಊಟ ಇನ್ನೂ ಒಂಬತ್ತಕ್ಕೆ. ನನ್ನ ಕೈಚೀಲದಲ್ಲಿ ಈಗ ಯಾವಾಗಲೂ ಹುರಿಗಡಲೆಯ ಸಣ್ಣ ಡಬ್ಬಿ ಇರುತ್ತದೆ. ಬಸ್ ಸ್ಟಾಪಿನಲ್ಲೇ ಎರಡು ಹಿಡಿ ತಿಂದು ನೀರು ಕುಡಿಯುತ್ತೇನೆ. ಬೇಕರಿ ಅದೇ ದಾರಿಯಲ್ಲಿದೆ. ಈಗ ಅದರ ಮುಂದೆ ನಡೆದು ಹೋಗುವುದು ಅಷ್ಟೇನೂ ಕಷ್ಟವಲ್ಲ.

ನಿದ್ದೆಯನ್ನೂ ಇಲ್ಲೇ ಸೇರಿಸುತ್ತೇನೆ. 2004ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಹತ್ತು ಗಂಟೆ ಮಲಗಿದಾಗಿನದಕ್ಕಿಂತ, ಹಸಿವು ಹೆಚ್ಚಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಶೇಕಡ 28 ಏರಿತ್ತು, ಸಾಕು ಅಂತ ಹೇಳುವ ಲೆಪ್ಟಿನ್ ಅನ್ನುವ ಹಾರ್ಮೋನ್ ಶೇಕಡ 18 ಇಳಿದಿತ್ತು. ರಾತ್ರಿ ಹನ್ನೊಂದಕ್ಕೆ ಬರುವ "ಏನಾದರೂ ತಿನ್ನಬೇಕು" ಅನ್ನುವುದು ಎಷ್ಟೋ ಸಲ "ಮಲಗಬೇಕು" ಅನ್ನುವುದೇ ಆಗಿರುತ್ತದೆ.

ನಾಲ್ಕನೇ ಹೆಜ್ಜೆ: ಹತ್ತು ನಿಮಿಷ

ಇಷ್ಟೆಲ್ಲ ಮಾಡಿದರೂ ಆ ಗಳಿಗೆ ಬರುತ್ತದೆ. ಕಾಲು ತಾನಾಗಿ ಅಡುಗೆಮನೆ ಕಡೆ ನಡೆಯುತ್ತದೆ. ಆಗ "ತಿನ್ನಬಾರದು" ಅಂತ ಹೇಳಿಕೊಳ್ಳಬೇಡಿ. "ಹತ್ತು ನಿಮಿಷ ಬಿಟ್ಟು ನೋಡೋಣ" ಅಂತ ಹೇಳಿಕೊಳ್ಳಿ. ಹತ್ತು ನಿಮಿಷದ ನಂತರ ಬೇಕಾದರೆ ತಿನ್ನಲು ನಿಮಗೆ ಪೂರ್ತಿ ಅನುಮತಿ ಇದೆ. ಈ ಅನುಮತಿ ನಿಜವಾದದ್ದಾಗಿರಬೇಕು. ನಮ್ಮನ್ನು ನಾವೇ ಮೋಸ ಮಾಡಲು ಹೊರಟರೆ ಮನಸ್ಸಿಗೆ ಕೂಡಲೇ ಗೊತ್ತಾಗುತ್ತದೆ.

ಆಸೆ ಅಲೆಯ ಹಾಗೆ. ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಕುಡಿತ ಬಿಡಿಸುವ ಚಿಕಿತ್ಸೆಯಲ್ಲಿ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ಈ ಬಗೆಯನ್ನು ಬಳಸಿದರು. ಅಲೆಯನ್ನು ಎದುರಿಸಿ ನಿಲ್ಲದೆ, ಅದರ ಮೇಲೆ ತೇಲುವುದು. ಮಲ್ಪೆಯಲ್ಲೋ ಮುರುಡೇಶ್ವರದಲ್ಲೋ ಸಮುದ್ರಕ್ಕೆ ಇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲೆಗೆ ಎದೆ ಕೊಟ್ಟರೆ ಬೀಳಿಸುತ್ತದೆ, ಮೈ ಹಗುರ ಬಿಟ್ಟರೆ ಎತ್ತಿ ಇಳಿಸಿ ಮುಂದೆ ಹೋಗುತ್ತದೆ.

ಮಾಡುವುದು ಹೀಗೆ. ಅಡುಗೆಮನೆಯಿಂದ ಹೊರಗೆ ಬನ್ನಿ. ಇದು ಮುಖ್ಯ, ಡಬ್ಬದ ಎದುರು ನಿಂತು ಯಾರಿಗೂ ಆಗುವುದಿಲ್ಲ. ಒಂದು ಲೋಟ ನೀರು ಹಿಡಿದು ಕೂತುಕೊಳ್ಳಿ. ಆಸೆ ಮೈಯಲ್ಲಿ ಎಲ್ಲಿದೆ ಅಂತ ಹುಡುಕಿ. ನನಗೆ ದವಡೆ ಬಿಗಿಯುತ್ತದೆ, ಎದೆಯ ನಡುವೆ ಏನೋ ಒತ್ತಿದ ಹಾಗಾಗುತ್ತದೆ. ಅದನ್ನು ಓಡಿಸಲು ಹೋಗಬೇಡಿ, ಅಲ್ಲೇ ಗಮನ ಇಟ್ಟು ನಿಧಾನವಾಗಿ ಉಸಿರಾಡಿ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದವಾಗಿರಲಿ. ಆಮೇಲೆ ಆ ಭಾವನೆಗೆ ಹೆಸರಿಡಿ. ಮೊದಲ ಮೂರು ನಾಲ್ಕು ನಿಮಿಷ ಆಸೆ ಹೆಚ್ಚಾಗುತ್ತದೆ. ಅಲ್ಲಿ ಬಹಳ ಜನ ಎದ್ದು ಹೋಗಿಬಿಡುತ್ತಾರೆ. ಇನ್ನು ಸ್ವಲ್ಪ ಕೂತರೆ ಇಳಿಯಲು ಶುರುವಾಗುತ್ತದೆ.

ಮೊದಲ ವಾರ ನಾನು ಹತ್ತು ನಿಮಿಷ ಕೂತೂ ನಾಲ್ಕು ಸಲ ತಿಂದೆ. ಆದರೆ ಕತ್ತಲಲ್ಲಿ ನಿಂತು ತಿನ್ನಲಿಲ್ಲ.

ಐದನೇ ಹೆಜ್ಜೆ: ಒಂದೊಂದು ಭಾವನೆಗೆ ಒಂದೊಂದು ಉತ್ತರ

ಆ ಗಳಿಗೆಯಲ್ಲಿ ಯೋಚಿಸಲು ತಲೆ ಓಡುವುದಿಲ್ಲ. ಹಾಗಾಗಿ ಮೊದಲೇ ಬರೆದಿಡಿ: "ಹೀಗಾದರೆ ಹೀಗೆ ಮಾಡುತ್ತೇನೆ." ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ಇಂಥ ಯೋಜನೆಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. "ಇನ್ನು ಮೇಲೆ ಕಡಿಮೆ ತಿನ್ನುತ್ತೇನೆ" ಅನ್ನುವ ಬರೀ ಸಂಕಲ್ಪಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಸಿಟ್ಟು ಬಂದರೆ ಮೈಗೆ ಕೆಲಸ ಬೇಕು. ಮಹಡಿ ಮೆಟ್ಟಿಲು ಎರಡು ಸಲ ಹತ್ತಿ ಇಳಿಯಿರಿ, ನೆಲ ಒರೆಸಿ. ಹೇಳದೆ ನುಂಗಿದ ಮಾತನ್ನು ಕಾಗದದ ಮೇಲೆ ಬರೆಯಿರಿ. ಅಣ್ಣನಿಗೆ ನಾನು ಹಾಗೆ ಮೂರು ಕಾಗದ ಬರೆದೆ, ಒಂದನ್ನೂ ಕಳಿಸಲಿಲ್ಲ. ನಾಲ್ಕನೆಯ ಸಲ ಫೋನ್ ಮಾಡಿ, "ನೋಡಣ್ಣ, ಅಮ್ಮನ ವಿಷಯ ನಾವಿಬ್ಬರೂ ಕೂತು ಮಾತಾಡಬೇಕು, ಫೋನಲ್ಲಿ ಬೇಡ" ಅಂದೆ. ಆ ರಾತ್ರಿ ಡಬ್ಬದ ನೆನಪೇ ಬರಲಿಲ್ಲ.

ಒಂಟಿತನಕ್ಕೆ ಮನುಷ್ಯರ ದನಿ ಬೇಕು. ರಾತ್ರಿ ಹತ್ತಾದರೂ ಫೋನ್ ಎತ್ತುವ ಇಬ್ಬರ ಹೆಸರು ಬರೆದಿಟ್ಟುಕೊಳ್ಳಿ, ಅವರಿಗೆ ಮೊದಲೇ ಹೇಳಿರಿ. ದುಃಖಕ್ಕೆ ಅಳು ಬೇಕು. ಅಳು ಬಂದರೆ ತಡೆಯಬೇಡಿ, ತಿಂದು ಅದನ್ನು ಒಳಗೆ ತಳ್ಳಬೇಡಿ. ಹೊತ್ತು ಹೋಗದಿದ್ದರೆ ಎರಡೂ ಕೈಗೆ ಕೆಲಸ ಕೊಡಿ. ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು. ಕೈ ಖಾಲಿ ಇಲ್ಲದಿದ್ದರೆ ಬಾಯಿಗೂ ಏನೂ ಹೋಗುವುದಿಲ್ಲ. ಟಿವಿ, ಮೊಬೈಲು ಇದಕ್ಕೆ ಆಗುವುದಿಲ್ಲ, ಅವು ಒಂದು ಕೈಯನ್ನು ಖಾಲಿ ಬಿಡುತ್ತವೆ. ಸುಸ್ತಾಗಿದ್ದರೆ ದೀಪ ಆರಿಸಿ ಮಲಗಿ.

ಭಯ, ಆತಂಕ ಇದ್ದರೆ ನಾಳೆ ಮಾಡಬಹುದಾದ ಒಂದೇ ಒಂದು ಕೆಲಸ ಬರೆಯಿರಿ. ಅವತ್ತಿನ ಆಫೀಸಿನ ಮೆಸೇಜಿಗೆ ನಾನು ಮಾಡಬಹುದಾಗಿದ್ದದ್ದು ಇಷ್ಟೇ: "ಸರಿ ಸಾರ್, ಯಾವ ವಿಷಯ ಅಂತ ತಿಳಿಸಿದರೆ ಫೈಲ್ ತರುತ್ತೇನೆ" ಅಂತ ಉತ್ತರ ಬರೆಯುವುದು. ಮರುದಿನ ನೋಡಿದರೆ ಅದು ರಜೆಯ ಪಟ್ಟಿಯ ವಿಷಯವಾಗಿತ್ತು.

ಆರನೇ ಹೆಜ್ಜೆ: ತಿನ್ನುವುದಾದರೆ ಕೂತು ತಿನ್ನಿ

ಹತ್ತು ನಿಮಿಷವಾದ ಮೇಲೂ ಬೇಕು ಅನ್ನಿಸಿದರೆ ತಿನ್ನಿ. ದೀಪ ಹಾಕಿ. ಎರಡೋ ಮೂರೋ ಚಕ್ಕುಲಿ ತಟ್ಟೆಗೆ ಹಾಕಿಕೊಂಡು, ಡಬ್ಬದ ಮುಚ್ಚಳ ಹಾಕಿ ಒಳಗಿಟ್ಟು, ಕುರ್ಚಿಯಲ್ಲಿ ಕೂತು ತಿನ್ನಿ. ಮೊಬೈಲ್ ಬೇಡ. ಮುರಿಯುವಾಗಿನ ಸದ್ದು, ಜೀರಿಗೆಯ ವಾಸನೆ, ಬೆಣ್ಣೆಯ ರುಚಿ ಗಮನಿಸಿ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಪೂರ್ತಿ ತಲುಪಲು ಸುಮಾರು ಇಪ್ಪತ್ತು ನಿಮಿಷ ಬೇಕು, ಹಾಗಾಗಿ ನಿಧಾನವಿರಲಿ. ನಿಂತು ತಿಂದದ್ದನ್ನು ಮನಸ್ಸು ತಿಂಡಿ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ, ಇದು ನನ್ನ ಅನುಭವ.

ಏಳನೇ ಹೆಜ್ಜೆ: ಮನೆ ಮತ್ತು ಮನೆಯವರು

ಕುರುಕಲು ತಿಂಡಿಯ ಡಬ್ಬ ಕಣ್ಣಿಗೆ ಬೀಳುವ ಜಾಗದಲ್ಲಿ ಬೇಡ. ಮೇಲಿನ ಶೆಲ್ಫಿನಲ್ಲಿ, ಪಾರದರ್ಶಕವಲ್ಲದ ಡಬ್ಬದಲ್ಲಿ ಇಡಿ. ಹಣ್ಣು ಕಣ್ಣೆದುರು ಇರಲಿ. ದೊಡ್ಡ ಪ್ಯಾಕೆಟ್ ಬದಲು ಚಿಕ್ಕದು ತನ್ನಿ. ಇದಿಷ್ಟು ಸುಲಭ.

ಜನರ ವಿಷಯ ಅಷ್ಟು ಸುಲಭವಲ್ಲ. ನಮ್ಮಲ್ಲಿ ಊಟ ಬೇಡ ಅಂದರೆ ಪ್ರೀತಿ ಬೇಡ ಅಂದ ಹಾಗೆ. "ಯಾಕೋ ಮುಖ ಸಪ್ಪಗಿದೆ, ಒಂದು ಒಬ್ಬಟ್ಟು ತಿನ್ನು" ಅನ್ನುವ ಅತ್ತೆಗೆ ಏನು ಹೇಳುವುದು? ಡಯಟ್ ಅಂದರೆ ವಾದ ಶುರುವಾಗುತ್ತದೆ. ನಾನು ಹೀಗೆ ಹೇಳಿ ನೋಡಿದ್ದೇನೆ: "ಅತ್ತೆ, ಒಬ್ಬಟ್ಟು ನಾಳೆ ಊಟದ ಜೊತೆ ತುಪ್ಪ ಹಾಕಿಕೊಂಡು ತಿಂತೀನಿ, ಎತ್ತಿಡಿ. ಈಗ ಸ್ವಲ್ಪ ಹೊತ್ತು ನನ್ನ ಜೊತೆ ಕೂತ್ಕೊಳ್ತೀರಾ?" ಅವರು ಕೊಡಲು ಬಂದದ್ದು ಸಮಾಧಾನ. ಅದನ್ನು ಬೇರೆ ರೂಪದಲ್ಲಿ ಕೇಳಿ ಪಡೆಯಬಹುದು. ಹಬ್ಬದ ದಿನ ಮಾತ್ರ ಇದ್ಯಾವ ಲೆಕ್ಕವೂ ಬೇಡ. ಎಲೆಯ ಮುಂದೆ ಕೂತು ಖುಷಿಯಾಗಿ ಉಣ್ಣಿ.

ಮಗು ಅತ್ತ ಕೂಡಲೇ ಬಿಸ್ಕತ್ತು ಕೊಡುವ ಮುಂಚೆ ಒಮ್ಮೆ ಎತ್ತಿಕೊಂಡು, "ಏನಾಯ್ತು ಪುಟ್ಟ, ಸಿಟ್ಟು ಬಂತಾ, ಭಯ ಆಯ್ತಾ?" ಅಂತ ಕೇಳಿ. ಹೆಸರು ಹುಡುಕುವ ಅಭ್ಯಾಸ ಅಲ್ಲಿಂದಲೇ ಬರಲಿ.

ಎಂಟನೇ ಹೆಜ್ಜೆ: ತಪ್ಪಿದ ಮರುದಿನ

ಒಂದು ರಾತ್ರಿ ಅರ್ಧ ಡಬ್ಬ ಖಾಲಿಯಾಗುತ್ತದೆ. ಆಗಿಯೇ ಆಗುತ್ತದೆ. ಮರುದಿನ ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನದು ನಿಂತಿದೆ.

1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಎಂಬುವರ ಪ್ರಯೋಗವೊಂದು ಪ್ರಕಟವಾಯಿತು. ವಿದ್ಯಾರ್ಥಿನಿಯರಿಗೆ ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ಐಸ್‌ಕ್ರೀಮ್ ರುಚಿ ನೋಡಲು ಹೇಳಿದರು. ಪಥ್ಯದ ಚಿಂತೆ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಪಥ್ಯ ಮಾಡುತ್ತಿದ್ದವರು ಜಾಸ್ತಿ ತಿಂದರು. ವ್ರತ ಹೇಗೂ ಕೆಟ್ಟಿತು, ಇನ್ನೇನು ಅಂತ. 2007ರಲ್ಲಿ ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲಿಯರಿ ಇಂಥದ್ದೇ ಒಂದು ಪ್ರಯೋಗದಲ್ಲಿ, ಡೋನಟ್ ತಿಂದ ಕೆಲವರಿಗೆ "ಎಲ್ಲರೂ ಒಮ್ಮೊಮ್ಮೆ ತಿನ್ನುತ್ತಾರೆ, ನಿಮ್ಮ ಮೇಲೆ ಕಠಿಣವಾಗಬೇಡಿ" ಅನ್ನುವ ಅರ್ಥದ ಮಾತು ಹೇಳಿದರು. ಪಥ್ಯದವರಲ್ಲಿ ಆ ಮಾತು ಕೇಳಿದವರು ಆಮೇಲೆ ಸಿಹಿ ಕಡಿಮೆ ತಿಂದರು. ಬೈದುಕೊಂಡರೆ ಹೆಚ್ಚು ತಿನ್ನುತ್ತೇವೆ. ಇದು ನನ್ನ ಎರಡು ವರ್ಷದ ಅನುಭವವೂ ಹೌದು.

ಹಾಗಾಗಿ ಮರುದಿನ ಬೆಳಿಗ್ಗೆ ತಿಂಡಿ ಬಿಡಬೇಡಿ. ಉಪವಾಸ ಬೇಡ, ಶಿಕ್ಷೆಯ ಹಾಗೆ ಹತ್ತು ಕಿಲೋಮೀಟರ್ ನಡೆಯುವುದು ಬೇಡ. ಎಂದಿನ ಹಾಗೆ ದೋಸೆ, ಎಂದಿನ ಹಾಗೆ ಕಾಫಿ. ನೋಟ್‌ಬುಕ್ ತೆಗೆದು ಒಂದು ಸಾಲು ಬರೆಯಿರಿ. ನಿಮ್ಮ ತಂಗಿ ಹೀಗೆ ಮಾಡಿಕೊಂಡು ಬಂದು ಅತ್ತರೆ ಅವಳಿಗೆ ಏನು ಹೇಳುತ್ತಿದ್ದಿರೋ ಅದನ್ನೇ ನಿಮಗೂ ಹೇಳಿಕೊಳ್ಳಿ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು

ಕೆಲವು ಸಲ ಇದು ಅಭ್ಯಾಸದ ಮಟ್ಟ ದಾಟಿರುತ್ತದೆ. ಬಹಳ ಕಡಿಮೆ ಹೊತ್ತಿನಲ್ಲಿ ವಿಪರೀತ ತಿನ್ನುವುದು, ನಿಲ್ಲಿಸಲು ಆಗುತ್ತಲೇ ಇಲ್ಲ ಅನ್ನಿಸುವುದು, ನಾಚಿಕೆಯಿಂದ ಬಚ್ಚಿಟ್ಟು ತಿನ್ನುವುದು, ಆಮೇಲೆ ತನ್ನ ಮೇಲೇ ಅಸಹ್ಯ ಪಡುವುದು. ಇದು ವಾರಕ್ಕೆ ಒಮ್ಮೆಯಾದರೂ ಆಗುತ್ತಾ ಮೂರು ತಿಂಗಳು ನಡೆದಿದ್ದರೆ ಅದಕ್ಕೆ ವೈದ್ಯಕೀಯದಲ್ಲಿ ಬೇರೆ ಹೆಸರಿದೆ, ಚಿಕಿತ್ಸೆಯೂ ಇದೆ. ತಿಂದದ್ದನ್ನು ವಾಂತಿ ಮಾಡಿ ತೆಗೆಯುತ್ತಿದ್ದರಂತೂ ಒಂದು ದಿನವೂ ತಡ ಮಾಡಬೇಡಿ. ಸದಾ ಮನಸ್ಸು ಕುಗ್ಗಿರುವುದು, ಬದುಕೇ ಬೇಡ ಅನ್ನಿಸುವುದು ಇದ್ದರೂ ಅಷ್ಟೇ.

ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಇನ್ನೊಂದು ವಿಷಯ. ಸ್ಟೆರಾಯ್ಡ್ ಮಾತ್ರೆಗಳು, ಖಿನ್ನತೆ ಮತ್ತು ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳು ಹಸಿವನ್ನು ಹೆಚ್ಚಿಸುತ್ತವೆ. ಹೊಸ ಮಾತ್ರೆ ಶುರುವಾದ ಮೇಲೆ ತಿನ್ನುವುದು ಹೆಚ್ಚಿದ್ದರೆ ವೈದ್ಯರಿಗೆ ಹೇಳಿ. ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಮುಟ್ಟಿಗೆ ನಾಲ್ಕೈದು ದಿನ ಮುಂಚೆ ಸಿಹಿಯ ಆಸೆ ಏರುವುದು ಎಷ್ಟೋ ಹೆಂಗಸರಿಗೆ ಸಹಜ. ನೋಟ್‌ಬುಕ್ಕಿನಲ್ಲಿ ಆ ದಿನಗಳಿಗೆ ಒಂದು ಗುರುತು ಹಾಕಿ.

ಎಷ್ಟು ದಿನ ಬೇಕು?

ಇಪ್ಪತ್ತೊಂದು ದಿನ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಅದನ್ನು ನಂಬಿ ಇಪ್ಪತ್ತೆರಡನೇ ದಿನ ನಿರಾಸೆ ಪಡಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನದ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ವ್ಯತ್ಯಾಸವೇನೂ ಆಗಲಿಲ್ಲ.

ಹಾಗಾಗಿ ತೂಕದ ಯಂತ್ರ ನೋಡುವ ಬದಲು ತಿಂಗಳ ಕೊನೆಗೆ ನೋಟ್‌ಬುಕ್ ತೆಗೆದು ಒಂದೇ ಲೆಕ್ಕ ಹಾಕಿ: ಹಸಿವಿಲ್ಲದೆ, ನಿಂತುಕೊಂಡು, ಯಾರಿಗೂ ತಿಳಿಯದ ಹಾಗೆ ತಿಂದ ರಾತ್ರಿಗಳು ಎಷ್ಟು? ನನ್ನ ಮೊದಲ ತಿಂಗಳಲ್ಲಿ ಹತ್ತೊಂಬತ್ತು ಇದ್ದವು. ನಾಲ್ಕನೇ ತಿಂಗಳಲ್ಲಿ ಏಳು. ಹೋದ ತಿಂಗಳು ಎರಡು, ಅದರಲ್ಲೊಂದು ಅಪ್ಪನ ವರ್ಷಾಬ್ದಿಕದ ಹಿಂದಿನ ರಾತ್ರಿ. ಆ ಸಾಲಿನಲ್ಲಿ "ಬೇಜಾರು" ಅಂತ ಬರೆದಿಲ್ಲ. "ಅಪ್ಪನ ನೆನಪು, ತಡೆಯಲಾಗಲಿಲ್ಲ" ಅಂತ ಬರೆದಿದ್ದೇನೆ.